ದಾರಿ ಬಲ್ಲವನು, ಕಾರು ನಡೆಸಲಾರದವನು
ಆಂಗ್ಲ ನಾಟಕ ವಿಮರ್ಶಕ ಕೆನೆತ್ ಟೈನನ್‌ನ ಬಾಳು ಮತ್ತು ಮೊನಚು ಮಾತು

1951ರ ಮೇ ತಿಂಗಳು. ಲಂಡನ್ನಿನ ನ್ಯೂ ಥಿಯೇಟರ್ ನಾಟಕಗೃಹದಲ್ಲಿ ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದ ಪ್ರದರ್ಶನ. ನಾಯಕನ ಪಾತ್ರದಲ್ಲಿ ಪ್ರಖ್ಯಾತ ನಟ ಅಲೆಕ್ ಗಿನೆಸ್. ನಾಟಕದೊಳಗೆ ಬರುವ ಕಿರುನಾಟಕದಲ್ಲಿ ರಾಜನ ವೇಷ ಧರಿಸಿದ್ದವನು ಇಪ್ಪತ್ತನಾಲ್ಕು ವರ್ಷದ, ಕಡ್ಡಿಯಂತೆ ತೆಳ್ಳಗಿದ್ದ ಒಬ್ಬ ತರುಣ. ‘ಈವ್‌ನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಯ ವಿಮರ್ಶಕನೂ ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದ ಬೆವರ್ಲಿ ಬ್ಯಾಕ್ಸ್ಟರ್ ಈ ತರುಣನ ಅಭಿನಯವನ್ನು ಕಂಡು ಕಿಡಿಕಿಡಿಯಾದ. ಊರ ಪಾದ್ರಿಯ ನೆಂಟನಾಗಿದ್ದ ಹೊರತು ಹಳ್ಳಿಯ ಸಭಾಮಂದಿರದಲ್ಲಿ ಕೂಡ ಇವನಿಗೆ ವೇಷ ಕಟ್ಟಲು ಯಾರೂ ಅವಕಾಶ ಕೊಡಲಾರರು ಎಂಬ ಅರ್ಥದ ಮಾತನ್ನು ಅಚ್ಚಿನಲ್ಲಿಯೇ ಹಾಕಿದ.

ಬೇರೆ ಯಾರಾದರೂ ಆಗಿದ್ದರೆ ನಾಲ್ಕು ದಿನ ಮುಖ ಮರೆಸಿಕೊಂಡು ಓಡಾಡುತ್ತಿದ್ದರು. ಈ ತರುಣ ಹಾಗೆ ಮಾಡಲಿಲ್ಲ. ಅದೇ ಪತ್ರಿಕೆಗೆ ಒಂದು ಕಾಗದ ಬರೆದ. ತನ್ನ ನಟನೆ ತೀರ ಭಯಂಕರವೆಂಬ ಮಾತು ನಿಜವಲ್ಲ. ಅದು ಸಾಧಾರಣಕ್ಕಿಂತ ತುಸುವೇ ಕೆಳಗಿನದು. ಅಷ್ಟನ್ನು ತೂಗಿ ಹೇಳುವ ವಿಮರ್ಶಾಶಕ್ತಿ ತನಗೆ ಉಂಟು. ತಾನು ನಿರ್ಗಮಿಸುವಾಗ ರಂಗಸಜ್ಜಿಕೆಯನ್ನು ಭೇದಿಸಿಕೊಂಡು ಹೋಗುವುದಿಲ್ಲ, ಪ್ರೇಕ್ಷಕರ ನಡುವೆ ಕುಳಿತ ಗೆಳೆಯರಿಗೆ ಕೈ ಬೀಸುವುದೂ ಇಲ್ಲ. ಇದು ಆ ಕಾಗದದ ಸಾರಾಂಶ. ಓದಿದವರೆಲ್ಲರೂ ನಕ್ಕರು. ಪತ್ರಿಕೆಯ ಒಡೆತನದ ವಲಯದಲ್ಲಿಯೂ ಆ ಕಾಗದ ಕಣ್ಣಿಗೆ ಬಿತ್ತು. ಮರುವರ್ಷ, 1952ರಲ್ಲಿ, ಬ್ಯಾಕ್ಸ್ಟರನ ಅದೇ ವಿಮರ್ಶಕ ಪೀಠದಲ್ಲಿ ಈ ತರುಣ ಕುಳಿತಿದ್ದ!

ಅವನೇ ಕೆನೆತ್ ಟೈನನ್. ವಿಮರ್ಶಕನೆಂದರೆ ದಾರಿಯನ್ನು ಬಲ್ಲವನು, ಆದರೆ ಕಾರು ನಡೆಸಲು ಬಾರದವನು ಎಂದು ಮುಂದೆ ಅವನೇ ಹೇಳಿದ ಮಾತು ಇಂದಿಗೂ ಜನಜನಿತವಾಗಿದೆ. ಈ ಚಾಟೂಕ್ತಿಯಲ್ಲಿ ನಗೆಯೂ ಉಂಟು, ನಟನಾಗಿ ಸೋತವನ ನೋವೂ ಉಂಟು. ಆದರೆ ಇಂಗ್ಲೆಂಡಿನ ರಂಗಭೂಮಿ ದಾರಿ ತಪ್ಪಿ ನಿಂತಿದ್ದ ಒಂದು ಕಾಲದಲ್ಲಿ ದಾರಿ ಬಲ್ಲವನೊಬ್ಬನು ಪಕ್ಕದಲ್ಲಿ ಕುಳಿತು ಕೂಗಿ ಹೇಳಿದ್ದರಿಂದ ಏನೆಲ್ಲ ಸಾಧ್ಯವಾಯಿತೆಂಬುದೇ ಅವನ ಜೀವನದ ಕಥೆ.

ಎರಡು ಹೆಸರಿನ ತಂದೆ

ಟೈನನ್ ಜನಿಸಿದ್ದು 1927ರ ಏಪ್ರಿಲ್ 2ರಂದು, ಬರ್ಮಿಂಗ್‌ಹ್ಯಾಮ್ ನಗರದಲ್ಲಿ. ಮನೆಯಲ್ಲಿ ಹಣಕ್ಕೆ ಕೊರತೆ ಇರಲಿಲ್ಲ. ಹುಡುಗನಿಗೆ ಬಾಲ್ಯದಿಂದಲೂ ನಾಟಕ, ಸಿನಿಮಾಗಳ ಹುಚ್ಚು. ಮಾತು ಮಾತ್ರ ಉಗ್ಗು. ನಾಲಗೆ ತಡವರಿಸಿದಷ್ಟೂ ಲೇಖನಿ ಚುರುಕಾಗುತ್ತ ಹೋಯಿತು.

1945ರಲ್ಲಿ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜನ್ನು ಸೇರಿದ. ಯುದ್ಧ ಮುಗಿದ ಹೊಸತು. ಬಟ್ಟೆಗೂ ರೇಷನ್ ಇದ್ದ ಕಾಲ. ಅಂಥ ಕಾಲದಲ್ಲಿ ನೇರಿಳೆ ಬಣ್ಣದ ಸೂಟು, ಹೊಂಬಣ್ಣದ ಸ್ಯಾಟಿನ್ ಅಂಗಿ ತೊಟ್ಟು ವಿದ್ಯಾಪೀಠದ ಬೀದಿಗಳಲ್ಲಿ ನಡೆದು ಬರುತ್ತಿದ್ದ ಈ ವಿದ್ಯಾರ್ಥಿಯನ್ನು ನೋಡಿ ತಿರುಗಿ ನೋಡದವರಿಲ್ಲ. ಸಿಗರೇಟನ್ನು ಕೂಡ ಎಲ್ಲರಂತೆ ಹಿಡಿಯದೆ, ನಡುಬೆರಳು ಮತ್ತು ಉಂಗುರದ ಬೆರಳುಗಳ ಮಧ್ಯೆ ಹಿಡಿಯುತ್ತಿದ್ದ.

ಆದರೆ ಈ ಠೀವಿಯ ಒಳಗೆ ಒಂದು ಬಿರುಕು ಕಾದಿತ್ತು. 1948ರಲ್ಲಿ ತಂದೆ ತೀರಿಕೊಂಡಾಗ, ತಾನು ಇಪ್ಪತ್ತೊಂದು ವರ್ಷ ಪೀಟರ್ ಟೈನನ್ ಎಂದು ತಿಳಿದಿದ್ದ ಆ ಮನುಷ್ಯನ ನಿಜವಾದ ಹೆಸರು ಸರ್ ಪೀಟರ್ ಪೀಕಾಕ್ ಎಂದು ಮಗನಿಗೆ ಗೊತ್ತಾಯಿತು. ಆತ ವಾರಿಂಗ್‌ಟನ್ ಪಟ್ಟಣಕ್ಕೆ ಆರು ಬಾರಿ ಮೇಯರ್ ಆಗಿದ್ದ ಗಣ್ಯ ವ್ಯಕ್ತಿ. ಅಲ್ಲಿ ಆತನಿಗೆ ಧರ್ಮಪತ್ನಿಯಿದ್ದಳು, ಬೇರೆಯೇ ಒಂದು ಸಂಸಾರವಿತ್ತು. ಇತ್ತ ಬರ್ಮಿಂಗ್‌ಹ್ಯಾಮಿನಲ್ಲಿ ಟೈನನ್‌ನ ತಾಯಿಯೊಡನೆ ಮತ್ತೊಂದು ಹೆಸರಿನಲ್ಲಿ ಮತ್ತೊಂದು ಬಾಳು. ಪಾರ್ಥಿವ ಶರೀರವನ್ನು ವಾರಿಂಗ್‌ಟನ್ನಿಗೆ ಒಯ್ದರು. ಜೀವಮಾನವೆಲ್ಲ ವೇಷವನ್ನೂ ಮುಖವನ್ನೂ ಬೇರ್ಪಡಿಸಿ ನೋಡುವ ಕೆಲಸ ಮಾಡಬೇಕಾಗಿದ್ದವನಿಗೆ ಮೊದಲ ಪಾಠ ಮನೆಯಲ್ಲಿಯೇ ದೊರೆಯಿತು.

ಅದೇ ವರ್ಷದ ಇನ್ನೊಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಕಾಲೇಜಿನಲ್ಲಿ ಅವನ ಗುರುವಾಗಿದ್ದವರು ಸಾಹಿತ್ಯ ವಿದ್ವಾಂಸರೂ, ಮುಂದೆ ‘ನಾರ್ನಿಯಾ’ ಕಥೆಗಳಿಂದ ಮಕ್ಕಳ ಪ್ರೀತಿಪಾತ್ರರೂ ಆದ ಸಿ. ಎಸ್. ಲೂಯಿಸ್. ಪರೀಕ್ಷೆ ಹತ್ತಿರವಾಗಿತ್ತು. ಕಾಯಿಲೆ ಒಂದು ಕಡೆ, ಪ್ರೇಮಭಂಗ ಇನ್ನೊಂದು ಕಡೆ. ಬದುಕೇ ಬೇಡವೆನಿಸಿದ ಟೈನನ್ ಗುರುಗಳ ಬಳಿಗೆ ಹೋಗಿ ಪರೀಕ್ಷೆಯನ್ನು ಮುಂದಕ್ಕೆ ಹಾಕಬೇಕೆಂದು ಬೇಡಿಕೊಂಡ. ಲೂಯಿಸ್ ಒಡನೆಯೇ ಒಪ್ಪಿದರು. ಅನಂತರ ಮೆಲ್ಲಗೆ ಹಳೆಯ ಮಾತೊಂದನ್ನು ತೆಗೆದರು. ಯುದ್ಧಕಾಲದಲ್ಲಿ ಬರ್ಮಿಂಗ್‌ಹ್ಯಾಮಿನ ಮೇಲೆ ಬಾಂಬು ಬಿದ್ದಾಗ ಅದು ಕೂದಲೆಳೆಯಲ್ಲಿ ತನ್ನನ್ನು ತಪ್ಪಿಸಿಕೊಂಡು ಹೋಯಿತೆಂದು ಶಿಷ್ಯನೇ ಹಿಂದೆ ಹೇಳಿದ್ದನಲ್ಲವೇ? ಗಾಳಿ ತುಸು ಬೇರೆಯಾಗಿ ಬೀಸಿದ್ದರೆ ಅಂದೇ ಎಲ್ಲ ಮುಗಿಯುತ್ತಿತ್ತು. ಹಾಗಾದರೆ ಅಂದಿನಿಂದ ಇಂದಿನವರೆಗೆ ಬಾಳಿದ ಪ್ರತಿಯೊಂದು ದಿನವೂ ಲೆಕ್ಕಕ್ಕಿಂತ ಹೆಚ್ಚಾಗಿ ಬಂದ ವರವಲ್ಲವೇ? ಹೊರಗೆ ಬರುವ ವೇಳೆಗೆ ತನ್ನ ದುಃಖ ತನಗೇ ಸಣ್ಣದಾಗಿ ಕಂಡಿತೆಂದು ಟೈನನ್ ಮುಂದೆ ಹೇಳಿಕೊಂಡ. ಗುರುವಿನ ನಂಬಿಕೆಗಳಲ್ಲಿ ಹಲವನ್ನು ಅವನು ಒಪ್ಪಲಿಲ್ಲ. ಗುರುವಿನ ಮೇಲಣ ಗೌರವ ಮಾತ್ರ ಕೊನೆಯವರೆಗೂ ಕುಂದಲಿಲ್ಲ.

ಮುಳ್ಳಿನ ಮೊನೆ

1950ರಲ್ಲಿ ಟೈನನ್‌ನ ಮೊದಲ ಪುಸ್ತಕ ಪ್ರಕಟವಾಯಿತು. ಅದಕ್ಕೆ ಮುನ್ನುಡಿ ಬರೆದವನು ಅಮೆರಿಕದ ಮಹಾನಟ, ನಿರ್ದೇಶಕ ಆರ್ಸನ್ ವೆಲ್ಸ್. ‘ಸ್ಟ್ಯಾಂಡರ್ಡ್’ ಪತ್ರಿಕೆ ಹೆಚ್ಚು ಕಾಲ ಕಳೆಯುವ ಮೊದಲೇ ಅವನೊಡನೆ ಜಗಳವಾಗಿ ಅವನನ್ನು ಹೊರಗೆ ಕಳುಹಿಸಿತು. 1954ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿ, ಭಾನುವಾರದ ಪ್ರತಿಷ್ಠಿತ ಪತ್ರಿಕೆ ‘ಅಬ್ಸರ್ವರ್’ ಅವನನ್ನು ನಾಟಕ ವಿಮರ್ಶಕನಾಗಿ ಬರಮಾಡಿಕೊಂಡಿತು. ಅಲ್ಲಿಂದ ಮುಂದೆ ಭಾನುವಾರದ ಬೆಳಗಿನ ಕಾಫಿಯೊಡನೆ ಟೈನನ್‌ನ ಅಂಕಣವನ್ನು ಓದುವುದು ಲಂಡನ್ನಿನ ನಾಟಕಪ್ರಿಯರಿಗೆ ವ್ರತದಂತಾಯಿತು.

ಅವನ ಕೊಂಕುನುಡಿಗಳು ಬಾಯಿಂದ ಬಾಯಿಗೆ ಹರಿದಾಡಿದವು. ಜಾನ್ ಗೀಲ್‌ಗುಡ್ ಎಂಬ ಶ್ರೇಷ್ಠ ನಟನ ಕಂಠಮಾಧುರ್ಯ ಜಗದ್ವಿಖ್ಯಾತ. ಆದರೆ ದೇಹದ ಚಲನೆ ಅಷ್ಟು ಸಮರ್ಥವಲ್ಲವೆಂಬುದು ಹಲವರ ದೂರು. ಟೈನನ್ ಆತನನ್ನು ಕತ್ತಿನಿಂದ ಮೇಲೆ ಜಗತ್ತಿನಲ್ಲಿಯೇ ಅತ್ಯುತ್ತಮ ನಟನೆಂದು ಕೊಂಡಾಡಿದ! ಆನಾ ನೀಗಲ್ ಎಂಬ ಜನಪ್ರಿಯ ನಟಿಯ ಗಾಯನವನ್ನು ಕೇಳಿ, ಆಕೆ ತನ್ನ ಕಂಠವನ್ನು ಪುಟ್ಟದೊಂದು ಮುಷ್ಟಿಯಂತೆ ಸಭಿಕರತ್ತ ಆಡಿಸುತ್ತಾಳೆಂದ.

ನಾಟಕಕಾರ ನೋಯೆಲ್ ಕವರ್ಡ್ ಬಾಲ್ಯದಲ್ಲಿ ‘ಪೀಟರ್ ಪ್ಯಾನ್’ ನಾಟಕದಲ್ಲಿ ಪಾತ್ರ ವಹಿಸಿದ್ದ. ಎಂದಿಗೂ ದೊಡ್ಡವನಾಗದ ಹುಡುಗನೊಬ್ಬನ ಕಥೆಯದು. ಕವರ್ಡ್ ಆಡಿದ ಪಾತ್ರದ ಹೆಸರು ‘ಸ್ಲೈಟ್ಲಿ’, ಎಂದರೆ ‘ಸ್ವಲ್ಪ’. ನಲವತ್ತು ವರ್ಷಗಳ ಹಿಂದೆ ಆ ನಾಟಕದಲ್ಲಿ ‘ಸ್ವಲ್ಪ’ವಾಗಿದ್ದವನು ಅಂದಿನಿಂದ ‘ಪೂರ್ತಿ’ಯಾಗಿ ಅದರಲ್ಲಿಯೇ ಉಳಿದಿದ್ದಾನೆಂಬುದು ಟೈನನ್‌ನ ತೀರ್ಪು. ಕವರ್ಡ್ ಬೆಳೆಯಲೇ ಇಲ್ಲವೆಂಬುದನ್ನು ಇಷ್ಟು ನಯವಾಗಿ, ಇಷ್ಟು ಕ್ರೂರವಾಗಿ ಬೇರೆ ಯಾರು ಹೇಳಿಯಾರು?

ಜನರ ಕೋಪವನ್ನು ಕೆರಳಿಸು, ಚುಚ್ಚು, ಸುಂಟರಗಾಳಿಯನ್ನು ಎಬ್ಬಿಸು ಎಂಬ ಅರ್ಥದ ಮಾತನ್ನು ಬರೆದು ಅವನು ತನ್ನ ಮೇಜಿನ ಬಳಿ ಇಟ್ಟುಕೊಂಡಿದ್ದ. ಆದರೆ ಬರಿಯ ಚೇಷ್ಟೆಯೇ ಅವನ ಉದ್ದೇಶವಾಗಿರಲಿಲ್ಲ. ಆ ಕಾಲದ ಲಂಡನ್ ನಾಟಕಗಳ ಗತಿಯನ್ನು ಕಂಡು ಅವನು ನಿಜವಾಗಿಯೂ ನೊಂದಿದ್ದ. ಮುಕ್ಕಾಲು ಪಾಲು ನಾಟಕಗಳು ನಡೆಯುತ್ತಿದ್ದುದು ಶ್ರೀಮಂತರ ಹಳ್ಳಿಬಂಗಲೆಯ ದಿವಾನಖಾನೆಯಲ್ಲಿ. ದುಡಿಯುವವರು ಅಲ್ಲಿ ಬಂದರೆ ನಗಿಸುವುದಕ್ಕೆ ಮಾತ್ರ. ಭೂಪಟದಲ್ಲಿ ಎಲ್ಲಿಯೂ ಇಲ್ಲದ ಈ ಜಿಲ್ಲೆಗೆ ಟೈನನ್ ‘ಲೋಮ್‌ಷೈರ್’ ಎಂದು ನಾಮಕರಣ ಮಾಡಿದ. ನಾಟಕ ಗೆದ್ದ ಮೇಲೆ ತಾನು ಎಂಥ ಸುಖದ ಬಾಳು ಬಾಳಬೇಕೆಂದು ನಾಟಕಕಾರ ಕನಸು ಕಾಣುತ್ತಾನೋ ಆ ಕನಸಿನಿಂದಲೇ ಅಲ್ಲಿನ ಪಾತ್ರಗಳು ಹುಟ್ಟಿ ಬರುತ್ತವೆಂದು ಹಾಸ್ಯ ಮಾಡಿದ. ಬುದ್ಧಿವಂತನೊಬ್ಬನೊಡನೆ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಚರ್ಚಿಸಬಹುದಾದ ಹೊಸ ನಾಟಕ ಲಂಡನ್ನಿನಲ್ಲಿ ಹುಟ್ಟುತ್ತಿಲ್ಲವೆಂಬುದು ಅವನ ಕೊರಗಾಗಿತ್ತು.

ಗಾಯಗೊಂಡ ನಟಿ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ನಮ್ಮಲ್ಲಿದೆ. ಟೈನನ್ ಈ ಗಾದೆಯ ಸತ್ಯವನ್ನು ತಡವಾಗಿ ಅರಿತ.

ಭಾರತದ ಡಾರ್ಜಿಲಿಂಗಿನಲ್ಲಿ 1913ರಲ್ಲಿ ಜನಿಸಿದ ವಿವಿಯನ್ ಲೀ, ‘ಗಾನ್ ವಿತ್ ದ ವಿಂಡ್’ ಚಿತ್ರದಿಂದ ಲೋಕಪ್ರಸಿದ್ಧಳಾದ ನಟಿ. ಆಕೆಯ ಪತಿ ಲಾರೆನ್ಸ್ ಒಲಿವಿಯೆ ಆಂಗ್ಲ ರಂಗಭೂಮಿಯ ಚಕ್ರವರ್ತಿ. ಒಲಿವಿಯೆಯನ್ನು ಆರಾಧಿಸುತ್ತಿದ್ದ ಟೈನನ್, ಮಡದಿ ಗಂಡನ ಎತ್ತರಕ್ಕೆ ಏರಲಾರಳು, ಆಕೆಗಾಗಿ ಗಂಡ ತನ್ನ ಎತ್ತರವನ್ನು ತಗ್ಗಿಸಿಕೊಳ್ಳುತ್ತಾನೆ ಎಂದು ಭಾವಿಸಿದ. 1951ರಿಂದ ಮೊದಲಾಗಿ ಆಕೆಯ ಪಾತ್ರಗಳನ್ನು ಒಂದೊಂದಾಗಿ ಚುಚ್ಚಿದ. 1955ರಲ್ಲಿ ಸ್ಟ್ರ್ಯಾಟ್‌ಫರ್ಡಿನಲ್ಲಿ ಆಕೆ ‘ಮ್ಯಾಕ್‌ಬೆತ್’ ನಾಟಕದ ರಾಣಿಯಾಗಿ ಅಭಿನಯಿಸಿದಾಗಲೂ ಅವನ ಲೇಖನಿ ಕನಿಕರ ತೋರಲಿಲ್ಲ.

ವಿವಿಯನ್ ಲೀ ಮನಸ್ಸಿನ ಕಾಯಿಲೆಯಿಂದ ವರ್ಷಗಟ್ಟಲೆ ನರಳಿದವಳು. ಭಾನುವಾರದ ಓದುಗರಿಗೆ ನಗೆಯಾಗಿದ್ದ ಮಾತು ಆಕೆಯ ಮನೆಯಲ್ಲಿ ಏನಾಗಿದ್ದಿರಬೇಕೆಂದು ಊಹಿಸುವುದು ಕಷ್ಟವಲ್ಲ. ಆಕೆಯ ರಾಣಿಯ ಪಾತ್ರವನ್ನು ಹಳಿದದ್ದು ತನ್ನ ವಿಮರ್ಶಕ ಜೀವನದ ಅತಿ ದೊಡ್ಡ ತಪ್ಪುಗಳಲ್ಲಿ ಒಂದೆಂದು ಟೈನನ್ ಮುಂದೆ ಒಪ್ಪಿಕೊಂಡ. ಆದರೆ ಅಚ್ಚಾದ ಮಾತನ್ನು ಹಿಂದಕ್ಕೆ ಪಡೆಯುವ ವಿದ್ಯೆ ಯಾವ ವಿಮರ್ಶಕನಿಗೂ ಸಿದ್ಧಿಸಿಲ್ಲ.

ಹೊಗಳುವ ಧೈರ್ಯ

ತೆಗಳಿಕೆ ಟೈನನ್‌ಗೆ ಕೀರ್ತಿ ತಂದಿತು. ಅವನನ್ನು ಚರಿತ್ರೆಯಲ್ಲಿ ನಿಲ್ಲಿಸಿದ್ದು ಹೊಗಳಿಕೆ. ತೆಗಳುವುದಕ್ಕೆ ಚಾತುರ್ಯವೊಂದಿದ್ದರೆ ಸಾಕು. ಹತ್ತು ಜನ ಬೇಡವೆಂದುದನ್ನು ಬೇಕೆಂದು ಹೇಳಲು ಎದೆಗಾರಿಕೆ ಬೇಕು.

1955ರ ಆಗಸ್ಟ್ 3ರಂದು ಲಂಡನ್ನಿನ ಆರ್ಟ್ಸ್ ಥಿಯೇಟರಿನಲ್ಲಿ ಸ್ಯಾಮ್ಯುಯೆಲ್ ಬೆಕೆಟ್‌ನ ‘ಗೋಡೋಗಾಗಿ ಕಾಯುತ್ತ’ ನಾಟಕ ಮೊದಲ ಬಾರಿಗೆ ಇಂಗ್ಲಿಷಿನಲ್ಲಿ ರಂಗಕ್ಕೆ ಬಂದಿತು. ನಿರ್ದೇಶಕ ಪೀಟರ್ ಹಾಲ್ ಇನ್ನೂ ಇಪ್ಪತ್ತನಾಲ್ಕರ ಯುವಕ. ಒಂದು ಬೋಳುಮರ, ಇಬ್ಬರು ಅಲೆಮಾರಿಗಳು, ಎಂದಿಗೂ ಬಾರದ ಮೂರನೆಯವನಿಗಾಗಿ ಕಾಯುವಿಕೆ, ಕಥೆ ಇಷ್ಟೇ. ದಿನಪತ್ರಿಕೆಗಳಲ್ಲಿ ಹಲವು ಮೂಗು ಮುರಿದವು. ಭಾನುವಾರ ಬೆಳಗಾಯಿತು. ‘ಸಂಡೇ ಟೈಮ್ಸ್’ನಲ್ಲಿ ಹೆರಾಲ್ಡ್ ಹಾಬ್ಸನ್, ‘ಅಬ್ಸರ್ವರ್’ನಲ್ಲಿ ಟೈನನ್, ಸದಾ ಒಬ್ಬರನ್ನೊಬ್ಬರು ವಿರೋಧಿಸುತ್ತಿದ್ದ ಈ ಇಬ್ಬರೂ ಅಂದು ಒಂದೇ ದನಿಯಲ್ಲಿ ನಾಟಕವನ್ನು ಎತ್ತಿಹಿಡಿದರು. ನಾಟಕ ಉಳಿಯಿತು.

ಮರುವರ್ಷ ಬಂದದ್ದು ಇನ್ನೂ ದೊಡ್ಡ ಪರೀಕ್ಷೆ. 1956ರ ಮೇ 8ರಂದು ರಾಯಲ್ ಕೋರ್ಟ್ ನಾಟಕಗೃಹದಲ್ಲಿ ಜಾನ್ ಆಸ್ಬರ್ನ್ ಎಂಬ ಇಪ್ಪತ್ತಾರು ವರ್ಷದ ಅಜ್ಞಾತ ನಟನೊಬ್ಬ ಬರೆದ ‘ಲುಕ್ ಬ್ಯಾಕ್ ಇನ್ ಆ್ಯಂಗರ್’ ನಾಟಕದ ಮೊದಲ ಪ್ರದರ್ಶನ. ಹಲವು ಏಜೆಂಟರು ತಿರಸ್ಕರಿಸಿದ್ದ ಹಸ್ತಪ್ರತಿಯದು. ದಿವಾನಖಾನೆಯ ಬದಲು ಅಟ್ಟದ ಮೇಲಣ ಬಾಡಿಗೆ ಕೋಣೆ, ಬಟ್ಟೆಗೆ ಇಸ್ತ್ರಿ ಹಾಕುತ್ತಿರುವ ಹೆಂಡತಿ, ಓದು ಮುಗಿಸಿಯೂ ಮಿಠಾಯಿ ಅಂಗಡಿ ನಡೆಸುತ್ತ ಲೋಕವನ್ನೆಲ್ಲ ಶಪಿಸುವ ಗಂಡ. ಲೋಮ್‌ಷೈರಿಗೂ ಇದಕ್ಕೂ ಅಜಗಜಾಂತರ. ಮೊದಲ ವಿಮರ್ಶೆಗಳಲ್ಲಿ ಹೆಚ್ಚಿನವು ತಣ್ಣಗಿದ್ದವು.

ಮೇ 13ರ ಭಾನುವಾರ ಟೈನನ್‌ನ ಲೇಖನ ಪ್ರಕಟವಾಯಿತು. ಈ ನಾಟಕವನ್ನು ನೋಡಲು ಬಯಸದವರನ್ನು ತಾನು ಪ್ರೀತಿಸಬಲ್ಲೆನೋ ಇಲ್ಲವೋ ಸಂದೇಹವೆಂದ. ದಶಕದ ಅತ್ಯುತ್ತಮ ತರುಣ ನಾಟಕವೆಂದು ಸಾರಿದ. ಇದು ಅಲ್ಪಸಂಖ್ಯಾತರಿಗಷ್ಟೇ ರುಚಿಸಬಹುದೆಂದು ಒಪ್ಪಿಕೊಂಡು, ಆ ಅಲ್ಪಸಂಖ್ಯಾತರು ಎಷ್ಟು ಜನರೆಂದು ಲೆಕ್ಕವನ್ನೂ ಕೊಟ್ಟ: ಸುಮಾರು 67,33,000. ಎಂದರೆ, ದೇಶದಲ್ಲಿದ್ದ ಇಪ್ಪತ್ತರಿಂದ ಮೂವತ್ತು ವಯಸ್ಸಿನವರೆಲ್ಲರೂ! ಹಾಸ್ಯದ ಹೊದಿಕೆಯೊಳಗೆ ಒಂದು ತಲೆಮಾರಿನ ಪರವಾದ ವಕಾಲತ್ತು ಇತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ನಾಟಕದ ಒಂದು ಭಾಗ ಟೆಲಿವಿಷನ್ನಿನಲ್ಲಿ ಪ್ರಸಾರವಾದ ಮೇಲೆ ಟಿಕೆಟ್ಟು ಕಿಟಕಿಯ ಮುಂದೆ ಯುವಜನರ ಸಾಲು ಬೆಳೆಯಿತು. ಆಧುನಿಕ ಆಂಗ್ಲ ನಾಟಕದ ಹೊಸ ಅಧ್ಯಾಯವನ್ನು ಆ ಮೇ ತಿಂಗಳಿನಿಂದಲೇ ಎಣಿಸುವುದು ಇಂದು ರೂಢಿಯಾಗಿದೆ.

ಶತ್ರುವಿನ ಮನೆಯಲ್ಲಿ ಉದ್ಯೋಗ

ಇಂಗ್ಲೆಂಡಿನಲ್ಲಿ ರಾಷ್ಟ್ರೀಯ ನಾಟಕಶಾಲೆಯ ಅಡಿಗಲ್ಲನ್ನು 1951ರಲ್ಲಿ ಇಟ್ಟಿದ್ದರು. ವರ್ಷಗಳು ಉರುಳಿದರೂ ಕಲ್ಲಿನ ಮೇಲೆ ಕಲ್ಲು ಏರಲಿಲ್ಲ. ಒಮ್ಮೆ ಟೈನನ್ ಗೆಳೆಯನೊಬ್ಬನೊಡನೆ ಶೋಕಸೂಚಕ ಕಪ್ಪು ಉಡುಪು ಧರಿಸಿ ಆ ಅಡಿಗಲ್ಲಿನ ಬಳಿ ಮೌನವಾಗಿ ನಿಂತು ಸರ್ಕಾರವನ್ನು ಅಣಕಿಸಿದ್ದ.

ಕೊನೆಗೆ ರಾಷ್ಟ್ರೀಯ ನಾಟಕ ಮಂಡಲಿ ರೂಪುಗೊಂಡು ಒಲಿವಿಯೆ ಅದರ ನಿರ್ದೇಶಕನಾದ. 1962ರಲ್ಲಿ ಚಿಚೆಸ್ಟರ್ ಉತ್ಸವದಲ್ಲಿ ಒಲಿವಿಯೆ ಆಡಿಸಿದ ನಾಟಕಗಳನ್ನು ಕಟುವಾಗಿ ಟೀಕಿಸಿದ್ದ ಟೈನನ್, ಅದರ ಬಿಸಿ ಆರುವ ಮೊದಲೇ, ಹೊಸ ಮಂಡಲಿಯಲ್ಲಿ ನಾಟಕಗಳನ್ನು ಆರಿಸುವ ಕೆಲಸವನ್ನು ತನಗೆ ಕೊಡಬೇಕೆಂದು ಆತನಿಗೇ ಪತ್ರ ಬರೆದ. ಒಲಿವಿಯೆ ಉರಿದುಬಿದ್ದ. ವಿವಿಯನ್ ಲೀಯಿಂದ ಆತ ಬೇರೆಯಾಗಿ ಎರಡು ವರ್ಷಗಳಾಗಿದ್ದರೂ ಹಳೆಯ ಗಾಯ ಮಾಯ್ದಿರಲಿಲ್ಲ. ಹೊಸ ಮಡದಿ, ನಟಿ ಜೋನ್ ಪ್ಲೋರೈಟ್, ಸಮಾಧಾನಪಡಿಸಿ ವಿವೇಕ ಹೇಳಿದಳು: ಇವನಲ್ಲಿ ಬುದ್ಧಿಯಿದೆ, ಇವನು ಹೊರಗಿರುವುದಕ್ಕಿಂತ ಒಳಗಿರುವುದೇ ಲೇಸು. ಆ ಪತ್ರಿಕೆಯಿಂದ ನೀನು ತೊಲಗುವುದಾದರೆ ಏನು ಬೇಕಾದರೂ ಕೊಡುತ್ತೇನೆಂಬ ಧಾಟಿಯಲ್ಲಿ ಒಲಿವಿಯೆ ಒಪ್ಪಿಗೆ ನೀಡಿದನೆಂದು ಪ್ರತೀತಿ. ಟೈನನ್‌ಗೆ ಸರಿಜೋಡಿಯಾದ ವಿನೋದ!

1963ರ ಅಕ್ಟೋಬರ್ 22ರಂದು ಓಲ್ಡ್ ವಿಕ್ ನಾಟಕಗೃಹದಲ್ಲಿ ‘ಹ್ಯಾಮ್ಲೆಟ್’ ಪ್ರದರ್ಶನದೊಡನೆ ಮಂಡಲಿಯ ಕಾರ್ಯ ಆರಂಭವಾಯಿತು. ‘ಒಥೆಲೊ’ ಪಾತ್ರಕ್ಕೆ ಹಿಂಜರಿಯುತ್ತಿದ್ದ ಒಲಿವಿಯೆಯನ್ನು ಟೈನನ್ ಹಟ ಹಿಡಿದು ಒಪ್ಪಿಸಿದ. ಆತ ತಿಂಗಳುಗಟ್ಟಲೆ ಕಂಠಸಾಧನೆ ಮಾಡಿ, ತನ್ನ ಸಹಜ ದನಿಯನ್ನು ಬಹಳ ಕೆಳಕ್ಕೆ ಇಳಿಸಿಕೊಂಡು 1964ರಲ್ಲಿ ಆ ಪಾತ್ರವನ್ನು ಮಾಡಿದ.

1966ರ ಆಗಸ್ಟಿನಲ್ಲಿ ಎಡಿನ್‌ಬರೋ ಉತ್ಸವದ ಅಂಚಿನಲ್ಲೆಲ್ಲೋ ವಿದ್ಯಾರ್ಥಿಗಳ ತಂಡವೊಂದು ಹೊಸ ನಾಟಕವನ್ನು ಆಡಿತು. ‘ಹ್ಯಾಮ್ಲೆಟ್’ ನಾಟಕದ ಇಬ್ಬರು ಕ್ಷುಲ್ಲಕ ಪಾತ್ರಧಾರಿಗಳನ್ನೇ ನಾಯಕರನ್ನಾಗಿಸಿದ ‘ರೋಜನ್‌ಕ್ರ್ಯಾಂಟ್ಸ್ ಆ್ಯಂಡ್ ಗಿಲ್ಡನ್‌ಸ್ಟರ್ನ್ ಆರ್ ಡೆಡ್’. ಪತ್ರಿಕೆಯಲ್ಲಿ ಅದರ ವಿಮರ್ಶೆಯನ್ನು ಓದಿದ ಟೈನನ್ ಒಡನೆಯೇ ಹಸ್ತಪ್ರತಿಗಾಗಿ ತಂತಿ ಕಳುಹಿಸಿದ. ಮರುವರ್ಷದ ಏಪ್ರಿಲಿನಲ್ಲಿ ನಾಟಕ ಓಲ್ಡ್ ವಿಕ್ ರಂಗವನ್ನೇರಿತು. ಇಪ್ಪತ್ತೊಂಬತ್ತು ವರ್ಷದ ಕರ್ತೃ ಟಾಮ್ ಸ್ಟಾಪರ್ಡ್ ಒಂದೇ ಇರುಳಿನಲ್ಲಿ ಪ್ರಖ್ಯಾತನಾದ. ಯುದ್ಧದಿಂದ ಊರು ಬಿಟ್ಟು ಬಂದ ಚೆಕ್ ದೇಶದ ಈ ಹುಡುಗ ಬಾಲ್ಯದಲ್ಲಿ ಓದಿದ್ದು ಡಾರ್ಜಿಲಿಂಗಿನ ಶಾಲೆಯಲ್ಲಿ. ಟೈನನ್‌ನ ಲೇಖನಿ ಗಾಯಗೊಳಿಸಿದವಳೂ, ಅವನ ತಂತಿ ಮೇಲೆತ್ತಿದವನೂ ಹಿಮಾಲಯದ ಒಂದೇ ಊರಿನ ನಂಟಿನವರೆಂಬುದು ವಿಧಿಯ ವಿಚಿತ್ರ.

ಹೊಗೆಯೊಡನೆ ಕರಗಿದ ಉಸಿರು

ಟೈನನ್‌ನ ಬಾಳೆಲ್ಲ ಅನುಕರಣೀಯವೆಂದು ಯಾರೂ ಹೇಳಲಾರರು. 1965ರ ನವೆಂಬರ್ 13ರ ರಾತ್ರಿ ಬಿ.ಬಿ.ಸಿ. ಟೆಲಿವಿಷನ್ನಿನ ಚರ್ಚೆಯಲ್ಲಿ, ಸಭ್ಯರ ನಡುವೆ ಆಡಬಾರದ ಪದವೊಂದನ್ನು ಉಚ್ಚರಿಸಿ ಪಾರ್ಲಿಮೆಂಟಿನಲ್ಲಿಯೂ ಕೋಲಾಹಲವೆಬ್ಬಿಸಿದ. ನಾಟಕಗಳನ್ನು ರಾಜಾಸ್ಥಾನದ ಅಧಿಕಾರಿಯೊಬ್ಬನು ಮೊದಲೇ ಓದಿ ಕತ್ತರಿಸುವ, 1737ರಿಂದ ಶಾಸನಬದ್ಧವಾಗಿದ್ದ ಪದ್ಧತಿಯ ವಿರುದ್ಧ ಹೋರಾಡಿದವರಲ್ಲಿ ಅವನು ಮುಂದಾಳು. 1968ರಲ್ಲಿ ಆ ಪದ್ಧತಿ ರದ್ದಾಯಿತು. ಆದರೆ ದೊರೆತ ಸ್ವಾತಂತ್ರ್ಯವನ್ನು ಅವನು ಬಳಸಿದ್ದು 1969ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ‘ಓ! ಕಲ್ಕತ್ತಾ!’ ಎಂಬ ನಗ್ನತೆಯ ವಿನೋದಾವಳಿಗೆ. ನಮ್ಮ ಕಲ್ಕತ್ತೆಗೂ ಆ ಹೆಸರಿಗೂ ಸಂಬಂಧವಿಲ್ಲ. ಫ್ರೆಂಚ್ ಭಾಷೆಯ ಪೋಲಿ ಶ್ಲೇಷೆಯದು. ಬೆಕೆಟ್‌ನನ್ನೂ ಆಸ್ಬರ್ನ್‌ನನ್ನೂ ಗುರುತಿಸಿದವನ ಹೆಸರನ್ನು ಅನೇಕರು ಈ ಪ್ರದರ್ಶನದಿಂದಲೇ ನೆನೆಯುವಂತಾದುದು ಅವನ ದುರದೃಷ್ಟ.

ರಾಷ್ಟ್ರೀಯ ಮಂಡಲಿಯನ್ನು ಬಿಟ್ಟ ಮೇಲೆ ಹಣದ ಅಡಚಣೆ, ಬರೆಯಲಾರದ ಬೇಸರ ಮುತ್ತಿಕೊಂಡವು. ಬೆರಳಿನ ನಡುವಣ ಸಿಗರೇಟು ತನ್ನ ಸುಂಕವನ್ನು ವಸೂಲು ಮಾಡತೊಡಗಿತು. ಎಂಫಿಸೀಮ ಎಂಬ ಶ್ವಾಸಕೋಶದ ವ್ಯಾಧಿ ಉಸಿರನ್ನು ಗುಟುಕು ಗುಟುಕಾಗಿ ಕಸಿದುಕೊಂಡಿತು. ಒಳ್ಳೆಯ ಹವೆಯನ್ನರಸಿ 1976ರಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋದ. ಆ ಸ್ಥಿತಿಯಲ್ಲಿಯೂ ‘ನ್ಯೂಯಾರ್ಕರ್’ ಪತ್ರಿಕೆಗೆ ಕಲಾವಿದರ ವ್ಯಕ್ತಿಚಿತ್ರಗಳನ್ನು ಬರೆದ. ಮೂಕಿಚಿತ್ರಗಳ ಮರೆತುಹೋದ ತಾರೆ ಲೂಯಿಸ್ ಬ್ರೂಕ್ಸಳನ್ನು 1979ರಲ್ಲಿ ಮತ್ತೆ ಲೋಕಕ್ಕೆ ಪರಿಚಯಿಸಿದ. ಕೊನೆಗಾಲದ ಆ ಬರಹಗಳಲ್ಲಿ ಮುಳ್ಳು ಕಡಿಮೆ, ಮೆಚ್ಚುಗೆ ಹೆಚ್ಚು.

1980ರ ಜುಲೈ 26ರಂದು ಸಾಂಟಾ ಮೋನಿಕಾದಲ್ಲಿ ಟೈನನ್ ಕಣ್ಮುಚ್ಚಿದ. ವಯಸ್ಸು ಐವತ್ತಮೂರು. ನೇರಿಳೆ ಸೂಟು ತೊಟ್ಟು ಮೆರೆದ ಆಕ್ಸ್‌ಫರ್ಡಿನಲ್ಲಿಯೇ ಅವನ ಸಮಾಧಿಯಿದೆ.

ಲಂಡನ್ನಿನಲ್ಲಿ ನಟರ ಚರ್ಚೆಂದೇ ಹೆಸರಾದ ಕವೆಂಟ್ ಗಾರ್ಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಸ್ಮರಣಸಭೆ ನಡೆಯಿತು. ಅಲ್ಲಿ ಮಾತನಾಡಿದವರಲ್ಲಿ ಟಾಮ್ ಸ್ಟಾಪರ್ಡ್ ಒಬ್ಬ. ಹದಿನಾಲ್ಕು ವರ್ಷಗಳ ಹಿಂದೆ ಬಂದ ಆ ತಂತಿಯನ್ನು ಅವನು ಮರೆತಿರಲು ಸಾಧ್ಯವೇ? ಸ್ಟಾಪರ್ಡ್ ಸಭಿಕರನ್ನು ಬಿಟ್ಟು ಟೈನನ್‌ನ ಮಕ್ಕಳ ಕಡೆಗೆ ತಿರುಗಿದ. ನಿಮ್ಮ ತಂದೆ ನಮ್ಮ ಪಾಲಿಗೆ ಬಂದ ಅದೃಷ್ಟದ ಒಂದು ಭಾಗವಾಗಿದ್ದರೆಂದು ಅವರಿಗೆ ಹೇಳಿದ.

ಚುಚ್ಚಿದ ಮಾತುಗಳನ್ನು ಜನ ಇಂದಿಗೂ ನೆನೆದು ನಗುತ್ತಾರೆ. ಆದರೆ ಕಾರು ನಡೆಸಬಲ್ಲವರು ಕೃತಜ್ಞತೆಯಿಂದ ನೆನೆದದ್ದು, ಕತ್ತಲಲ್ಲಿ ಪಕ್ಕದಲ್ಲಿ ಕುಳಿತು ಇದೇ ದಾರಿ, ಹೆದರದೆ ಹೋಗು ಎಂದ ಆ ಒಂದು ದನಿಯನ್ನು.